ದೇವರಿಲ್ಲ ಎಂದವನಿಗೆ ಸೀಟಿಲ್ಲ!

ನಮ್ಮ ಸಂವಿಧಾನದ ಕೊನೆಯ ಭಾಗದಲ್ಲಿ ಮೂರನೇ ಅನುಸೂಚಿ ಅಂತ ಒಂದಿದೆ. ಮಂತ್ರಿಗಳು, ಸಂಸದರು, ಶಾಸಕರು, ನ್ಯಾಯಮೂರ್ತಿಗಳು ಅಧಿಕಾರ ವಹಿಸಿಕೊಳ್ಳುವ ಮುನ್ನ ಓದಬೇಕಾದ ಪ್ರಮಾಣವಚನದ ಒಕ್ಕಣೆ ಅಲ್ಲಿದೆ. ಅದರಲ್ಲಿ ಒಂದು ಕಡೆ ವಾಕ್ಯ ಎರಡು ದಾರಿಯಾಗುತ್ತದೆ. 'ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ' ಅನ್ನೋದು ಒಂದು. 'ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ' ಅನ್ನೋದು ಇನ್ನೊಂದು. ಎರಡರಲ್ಲಿ ಯಾವುದನ್ನು ಓದಿದರೂ ಸೀಟು ನಿಮ್ಮದೇ. ಅದನ್ನೇ ಯಾಕೆ ಆರಿಸಿಕೊಂಡಿರಿ ಅಂತ ಸಭಾಧ್ಯಕ್ಷರೂ ಕೇಳುವುದಿಲ್ಲ, ರಾಜ್ಯಪಾಲರೂ ಕೇಳುವುದಿಲ್ಲ.

ಪ್ರಮಾಣವಚನದ ದಿನ ನಾವು ಟಿವಿಯವರು ಗಂಟೆಗಟ್ಟಲೆ ನೇರಪ್ರಸಾರ ಮಾಡ್ತೀವಿ. ಯಾರು ಯಾವ ಬಣ್ಣದ ಶಾಲು ಹೊದ್ದಿದ್ದರು, ಯಾರು ಯಾರ ಕಾಲಿಗೆ ಬಿದ್ದರು, ಯಾರು ಮನೆದೇವರ ಹೆಸರು ಹೇಳಿದರು, ಯಾರು ರೈತರ ಹೆಸರು ಹೇಳಿದರು, ಎಲ್ಲವೂ ಸುದ್ದಿ. ಯಾರಾದರೂ ದೇವರ ಹೆಸರು ಬಿಟ್ಟರೆ ಅದು ಇನ್ನೂ ದೊಡ್ಡ ಸುದ್ದಿ. ಆದರೆ ಬಿಡುವ ಸ್ವಾತಂತ್ರ್ಯ ಸುಮ್ಮನೆ ಬಂದದ್ದಲ್ಲ. ನಾವು ಯಾವ ಪಾರ್ಲಿಮೆಂಟಿನಿಂದ ನಮ್ಮ ಸದನಗಳ ರೀತಿ ರಿವಾಜುಗಳನ್ನು ಬಹುಮಟ್ಟಿಗೆ ಪಡೆದುಕೊಂಡೆವೋ, ಅದೇ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಈ ಒಂದು ವಿಷಯಕ್ಕೆ ಒಬ್ಬ ಮನುಷ್ಯ ಆರು ವರ್ಷ ಬಾಗಿಲಲ್ಲಿ ನಿಂತ. ಗೆದ್ದು ಬಂದರೂ ಕೂರಲು ಬಿಡಲಿಲ್ಲ. ಒಂದು ರಾತ್ರಿ ಜೈಲಿನಲ್ಲಿಟ್ಟರು. ಪೊಲೀಸರ ಕೈಯಲ್ಲಿ ಎತ್ತಿ ಹೊರಗೆ ಹಾಕಿಸಿದರು. ಅವನ ಕ್ಷೇತ್ರದ ಜನ ಮತ್ತೆ ಮತ್ತೆ ಅವನನ್ನೇ ಗೆಲ್ಲಿಸಿ ಕಳಿಸಿದರು.

ಅವನ ಹೆಸರು ಚಾರ್ಲ್ಸ್ ಬ್ರಾಡ್ಲಾ. ಈ ಹೆಸರು ನಮ್ಮಲ್ಲಿ ಈಗ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆದರೆ ಒಂದು ಕಾಲದಲ್ಲಿ ಭಾರತದ ವಿದ್ಯಾವಂತರಿಗೆಲ್ಲ ಗೊತ್ತಿದ್ದ ಹೆಸರು. ಅದು ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಮನುಷ್ಯನ ಕಥೆ ಕೇಳಿ.

ಬ್ರಾಡ್ಲಾ ಹುಟ್ಟಿದ್ದು 1833ರಲ್ಲಿ, ಲಂಡನ್ನಿನಲ್ಲಿ. ಅಪ್ಪ ವಕೀಲರ ಕಚೇರಿಯಲ್ಲಿ ಗುಮಾಸ್ತ. ಹುಡುಗ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳ್ತಿದ್ದ. ಅಂದ್ರೆ ಶುರುವಿನಲ್ಲಿ ಅವನೇನೂ ನಾಸ್ತಿಕನಲ್ಲ. ಪಾಠ ಹೇಳಲು ಸರಿಯಾಗಿ ಓದಿಕೊಳ್ಳಬೇಕಲ್ಲ, ಓದಿದ. ಚರ್ಚಿನ ಸಿದ್ಧಾಂತಕ್ಕೂ ಸುವಾರ್ತೆಗಳ ಮಾತಿಗೂ ಕೆಲವು ಕಡೆ ತಾಳೆಯಾಗ್ತಿಲ್ಲ ಅನ್ನಿಸಿತು. ವಿವರಿಸಿ ಅಂತ ಪಾದ್ರಿಗೆ ಬರೆದು ಕೇಳಿದ. ಉತ್ತರ ಬರಲಿಲ್ಲ, ನಾಸ್ತಿಕ ಅನ್ನುವ ಪಟ್ಟ ಬಂತು. ಪಾಠದ ಕೆಲಸ ಹೋಯಿತು, ಹದಿಹರೆಯದಲ್ಲೇ ಮನೆಯೂ ತಪ್ಪಿತು. ಹೊಟ್ಟೆಪಾಡಿಗೆ ಸೈನ್ಯ ಸೇರಿದ, ಐರ್ಲೆಂಡಿನಲ್ಲಿ ಸಿಪಾಯಿಯಾಗಿದ್ದ, ವಾಪಸ್ ಬಂದು ವಕೀಲರ ಕಚೇರಿಯಲ್ಲಿ ಗುಮಾಸ್ತನಾದ. ಹಗಲು ಅಲ್ಲಿ ಕೆಲಸ, ಉಳಿದ ಹೊತ್ತಿನಲ್ಲಿ ಸಭೆಗಳಲ್ಲಿ ಭಾಷಣ. ಕೆಲಸಕ್ಕೆ ಕುತ್ತು ಬರಬಾರದು ಅಂತ 'ಐಕಾನೊಕ್ಲಾಸ್ಟ್', ಅಂದ್ರೆ ಮೂರ್ತಿಭಂಜಕ, ಅನ್ನುವ ಹೆಸರಿನಲ್ಲಿ ಮಾತಾಡ್ತಿದ್ದ. 1860ರಿಂದ 'ನ್ಯಾಷನಲ್ ರಿಫಾರ್ಮರ್' ಪತ್ರಿಕೆಯ ಸಂಪಾದಕ. 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿಯ ಸ್ಥಾಪಕ. ರಾಜ ರಾಣಿ ಬೇಡ, ಪ್ರಜಾರಾಜ್ಯ ಬೇಕು ಅನ್ನುವ ವಾದವೂ ಅವನದೇ.

1877ರಲ್ಲಿ ಅವನ ಮೇಲೆ ಒಂದು ದೊಡ್ಡ ಕೇಸು ಬಿತ್ತು. ಸಂತಾನ ನಿಯಂತ್ರಣದ ಬಗ್ಗೆ ಅಮೆರಿಕದ ವೈದ್ಯನೊಬ್ಬ ಬರೆದ ಚಿಕ್ಕ ಪುಸ್ತಕವನ್ನು ಮರುಮುದ್ರಿಸಿ ಮಾರಿದ್ದು ಅಪರಾಧ. ಜೊತೆಗೆ ಆರೋಪಿಯಾಗಿ ನಿಂತವರು ಆ್ಯನಿ ಬೆಸೆಂಟ್. ಹೌದು, ನಮ್ಮ ಹೋಂ ರೂಲ್ ಚಳವಳಿಯ ಅದೇ ಆ್ಯನಿ ಬೆಸೆಂಟ್. ಇಬ್ಬರಿಗೂ ಆರು ತಿಂಗಳ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ಅದು ರದ್ದಾಯಿತು. ಆದರೆ ಬೆಸೆಂಟರಿಗೆ ಬೇರೆ ಥರದ ಶಿಕ್ಷೆ ಕಾದಿತ್ತು. ಇಂಥ ವಿಚಾರಗಳ ತಾಯಿಯ ಬಳಿ ಮಗಳು ಬೆಳೆಯಬಾರದು ಅಂತ ಕೋರ್ಟು ಮಗುವನ್ನು ಅವರಿಂದ ಕಿತ್ತುಕೊಂಡು ತಂದೆಗೆ ಕೊಟ್ಟಿತು. ಆ ಕಾಲದಲ್ಲಿ ಒಂದು ಅಭಿಪ್ರಾಯಕ್ಕೆ ಎಷ್ಟು ಬೆಲೆ ತೆರಬೇಕಿತ್ತು ಅನ್ನೋದು ಇದರಿಂದ ಗೊತ್ತಾಗುತ್ತೆ.

ಇಂಥ ಬ್ರಾಡ್ಲಾ ನಾರ್ಥಾಂಪ್ಟನ್ ಅನ್ನುವ ಊರಿನಿಂದ ಚುನಾವಣೆಗೆ ನಿಲ್ತಿದ್ದ. ಅದು ಬೂಟು ಹೊಲಿಯುವವರ ಊರು. 1868ರಲ್ಲಿ ಸೋತ. 1874ರಲ್ಲಿ ಎರಡು ಸಲ ಸೋತ. 1880ರ ಏಪ್ರಿಲ್‌ನಲ್ಲಿ ಗೆದ್ದ. ಎರಡು ಸೀಟಿನ ಕ್ಷೇತ್ರ ಅದು. ಇವನ ಜೊತೆ ಗೆದ್ದ ಇನ್ನೊಬ್ಬ ಹೆನ್ರಿ ಲಬೂಶೇರ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಆಗಿನ ಪ್ರಮಾಣವಚನದಲ್ಲಿ ವಿಕ್ಟೋರಿಯಾ ರಾಣಿಗೆ ನಿಷ್ಠನಾಗಿರ್ತೀನಿ ಅಂತ ಹೇಳಿ, ಕೊನೆಗೆ ದೇವರು ನನಗೆ ನೆರವಾಗಲಿ ಅಂತ ಮುಗಿಸಬೇಕಿತ್ತು. 1880ರ ಮೇ 3ರಂದು ಬ್ರಾಡ್ಲಾ ಸದನಕ್ಕೆ ಬಂದ. ದೇವರನ್ನು ನಂಬದವರು ಕೋರ್ಟಿನಲ್ಲಿ ಆಣೆಯ ಬದಲು ದೃಢವಚನ ಕೊಡಬಹುದು ಅಂತ ಅಷ್ಟು ಹೊತ್ತಿಗಾಗಲೇ ಕಾನೂನಿತ್ತು. ಅದೇ ಕಾನೂನು ಇಲ್ಲಿಗೂ ಅನ್ವಯಿಸಲಿ, ನನಗೆ ದೃಢವಚನಕ್ಕೆ ಅವಕಾಶ ಕೊಡಿ ಅಂತ ಕೇಳಿದ. ಬೇಡಿಕೆ ಅಷ್ಟೇ. ಸ್ಪೀಕರ್ ತಾವು ತೀರ್ಮಾನಿಸಲಿಲ್ಲ, ಸದನಕ್ಕೆ ಬಿಟ್ಟರು. ಸದನ ಒಂದು ಸಮಿತಿ ಮಾಡಿತು. ಸಮಿತಿ ಒಂದೇ ಓಟಿನ ಅಂತರದಲ್ಲಿ, ಆಗಲ್ಲ ಅಂದಿತು.

ಸರಿ, ಆಗಲ್ಲ ಅಂದ್ರೆ ಆಣೆಯನ್ನೇ ಮಾಡ್ತೀನಿ ಅಂದ ಬ್ರಾಡ್ಲಾ. ಆರಿಸಿ ಕಳಿಸಿದ ಜನರ ಕೆಲಸ ಮಾಡೋದು ನನ್ನ ಮೊದಲ ಕರ್ತವ್ಯ ಅನ್ನೋದು ಅವನ ವಾದ. ಆದರೆ ಒಂದು ಮಾತನ್ನು ಮುಚ್ಚಿಡಲಿಲ್ಲ. ಪತ್ರಿಕೆಗೆ ಬಹಿರಂಗ ಪತ್ರ ಬರೆದ: ಆಣೆಯಲ್ಲಿ ದೇವರ ಬಗ್ಗೆ ಬರುವ ಮಾತು ನನ್ನ ಪಾಲಿಗೆ ಅರ್ಥವಿಲ್ಲದ್ದು, ಆದರೂ ಕೊಟ್ಟ ಮಾತಿಗೆ ಪೂರ್ತಿ ಬದ್ಧನಾಗಿರ್ತೀನಿ. ಸಾಕಲ್ಲ! ಮೇ 21ರಂದು ಅವನು ಆಣೆ ಮಾಡಲು ಮುಂದೆ ಬಂದಾಗ ವಿರೋಧಿಗಳು ಎದ್ದು ನಿಂತರು. ದೃಢವಚನ ಕೊಡೋಕೆ ಕಾನೂನಿಲ್ಲ. ಆಣೆ ಮಾಡೋಕೆ ನಂಬಿಕೆಯಿಲ್ಲ. ಹಾಗಾಗಿ ಒಳಗೆ ಬರೋಕೆ ದಾರಿಯಿಲ್ಲ. ಅತ್ತ ದರಿ, ಇತ್ತ ಪುಲಿ ಅಂತೀವಲ್ಲ, ಹಾಗಾಯಿತು.

ಈಗ ಲಬೂಶೇರ್‌ಗೆ ಬನ್ನಿ. ಅದೇ ಊರು, ಅದೇ ಮತದಾರರು, ಅದೇ ಚುನಾವಣೆ. ಈ ಲಬೂಶೇರ್‌ಗೂ ದೇವರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಅವನು ನಾರ್ಥಾಂಪ್ಟನ್ನಿನ 'ಕ್ರೈಸ್ತ ಸದಸ್ಯ' ನಾನೇ ಅಂತ ತನ್ನನ್ನೇ ತಮಾಷೆ ಮಾಡಿಕೊಳ್ತಿದ್ದ. ಅವನು ಬಂದ, ಆಣೆ ಮಾಡಿದ, ಹೋಗಿ ಕೂತ. ಯಾರೂ ಚಕಾರವೆತ್ತಲಿಲ್ಲ. ಯಾಕೆ? ಅವನು ತನ್ನ ಅಪನಂಬಿಕೆಯ ಮೇಲೆ ಪತ್ರಿಕೆ ನಡೆಸಿರಲಿಲ್ಲ, ಸಭೆ ಮಾಡಿರಲಿಲ್ಲ, ಪತ್ರ ಬರೆದಿರಲಿಲ್ಲ.

ಇಡೀ ಇತಿಹಾಸದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಜಾಗ ಇದು. ಆ ಸದನ ಶಿಕ್ಷೆ ಕೊಟ್ಟಿದ್ದು ದೇವರನ್ನು ನಂಬದೇ ಇದ್ದದ್ದಕ್ಕಲ್ಲ. ನಂಬಲ್ಲ ಅಂತ ಬಾಯಿಬಿಟ್ಟು ಹೇಳಿದ್ದಕ್ಕೆ. ಸುಮ್ಮನಿದ್ದವನಿಗೆ ಕುರ್ಚಿ, ನಿಜ ಹೇಳಿದವನಿಗೆ ಬಾಗಿಲು. ಧರ್ಮವನ್ನು ಕಾಪಾಡೋಕೆ ಅಂತ ಇಟ್ಟ ಆಣೆ ಕೊನೆಗೆ ಮಾಡಿದ್ದೇನು? ಸುಳ್ಳುಗಾರನನ್ನು ತಡೆಯಲಿಲ್ಲ, ಪ್ರಾಮಾಣಿಕನನ್ನು ತಡೆಯಿತು. ಖಾಸಗಿ ನಂಬಿಕೆಯ ಪ್ರಶ್ನೆ ಎಲ್ಲಿ ವಾಕ್ ಸ್ವಾತಂತ್ರ್ಯದ ಪ್ರಶ್ನೆಯಾಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ಈ ಇಬ್ಬರು ಸದಸ್ಯರನ್ನು ತೋರಿಸ್ತೀನಿ.

ಮುಂದಿನದು ಯಾವ ಧಾರಾವಾಹಿಗೂ ಕಡಿಮೆಯಿಲ್ಲ. ಬ್ರಾಡ್ಲಾ ಆಣೆಯನ್ನೂ ಮಾಡಕೂಡದು, ದೃಢವಚನವನ್ನೂ ಕೊಡಕೂಡದು ಅಂತ 1880ರ ಜೂನ್‌ನಲ್ಲಿ ಸದನ 275ಕ್ಕೆ 230 ಮತಗಳಿಂದ ನಿರ್ಣಯ ಮಾಡಿತು. ಮಾರನೇ ದಿನ ಅವನು ಬಂದು ತನ್ನ ವಾದ ಮಂಡಿಸಿದ, ಹೊರಗೆ ಹೋಗು ಅಂದರೆ ಹೋಗಲಿಲ್ಲ. ಬಿಗ್ ಬೆನ್ ಗಡಿಯಾರ ಇದೆಯಲ್ಲ, ಆ ಗೋಪುರದ ಕೋಣೆಯಲ್ಲಿ ಒಂದು ರಾತ್ರಿ ಬಂಧನದಲ್ಲಿಟ್ಟರು. ಬಿಟ್ಟಮೇಲೆ ಪ್ರಧಾನಿ ಗ್ಲ್ಯಾಡ್‌ಸ್ಟನ್ ಒಂದು ದಾರಿ ಮಾಡಿದರು: ನಿಮ್ಮದೇ ಹೊಣೆಯ ಮೇಲೆ ದೃಢವಚನ ಕೊಟ್ಟು ಕೂತುಕೊಳ್ಳಿ, ತಪ್ಪೋ ಸರಿಯೋ ಕೋರ್ಟು ಹೇಳಲಿ. ಬ್ರಾಡ್ಲಾ ಕೂತ, ಮತ ಹಾಕಿದ. ತಕ್ಷಣ ಕೇಸು ಬಿತ್ತು. ಕಾನೂನುಬಾಹಿರವಾಗಿ ಹಾಕಿದ ಒಂದೊಂದು ಮತಕ್ಕೂ 500 ಪೌಂಡ್ ದಂಡ ಕೊಡಬೇಕು ಅಂತ ದಾವೆ. ಕೇಸು ಹಾಕಿದವನ ಹಿಂದೆ ನಿಂತು ದುಡ್ಡು ಕೊಡ್ತಿದ್ದವನೂ ಒಬ್ಬ ಎಂಪಿಯೇ! 1881ರಲ್ಲಿ ಕೋರ್ಟು ಬ್ರಾಡ್ಲಾ ವಿರುದ್ಧ ತೀರ್ಪು ಕೊಟ್ಟಿತು, ಸೀಟು ಖಾಲಿಯಾಯಿತು.

ನಾರ್ಥಾಂಪ್ಟನ್ ಜನ ಏನು ಮಾಡಿದರು? ಮತ್ತೆ ಗೆಲ್ಲಿಸಿದರು, 132 ಮತಗಳ ಅಂತರದಲ್ಲಿ. ಆ ವರ್ಷ ಆಗಸ್ಟ್ 3ರಂದು ಸದನದೊಳಗೆ ಹೋಗಲು ನೋಡಿದಾಗ ಸೇವಕರು, ಪೊಲೀಸರು ಸೇರಿ ಅವನನ್ನು ಎಳೆದು ಮೆಟ್ಟಿಲ ಕೆಳಗೆ ತಳ್ಳಿದರು. ಕೋಟು ಹರಿಯಿತು. ಅವನು ಆಳು ದೊಡ್ಡ ಗಾತ್ರದವನು, ಹಲವರು ಸೇರಬೇಕಾಯಿತು. 1882ರ ಫೆಬ್ರವರಿಯಲ್ಲಿ ಇನ್ನೊಂದು ಪ್ರಯತ್ನ. ಜೇಬಿನಿಂದ ಕಾಗದ ತೆಗೆದು, ತಾನೇ ತಂದಿದ್ದ ಬೈಬಲ್ ಹಿಡಿದು, ತನಗೆ ತಾನೇ ಪ್ರಮಾಣವಚನ ಬೋಧಿಸಿಕೊಂಡು ಕೂತೇಬಿಟ್ಟ! ಸದನ ಅವನನ್ನು ಉಚ್ಚಾಟಿಸಿತು. ಜನ ಮತ್ತೆ ಗೆಲ್ಲಿಸಿದರು, ಈ ಸಲ ಅಂತರ 108. 1884ರಲ್ಲಿ ಮತ್ತೆ ಅದೇ ಕಥೆ, ಮತ್ತೆ ಉಪಚುನಾವಣೆ, ಅಂತರ 368.

ಈ ಅಂಕಿಗಳನ್ನು ಸ್ವಲ್ಪ ಗಮನಿಸಿ. ಇದು ಭರ್ಜರಿ ಗೆಲುವೇನಲ್ಲ. ಊರಿನ ಅರ್ಧದಷ್ಟು ಜನ ಪ್ರತಿ ಸಲವೂ ಅವನ ವಿರುದ್ಧ ಮತ ಹಾಕ್ತಿದ್ದರು. ಅವನಿಗೆ ಹಾಕಿದವರಲ್ಲೂ ಬಹಳಷ್ಟು ಮಂದಿ ದೇವರನ್ನು ನಂಬುವವರೇ, ಭಾನುವಾರ ಪ್ರಾರ್ಥನೆಗೆ ಹೋಗುವವರೇ. ಅವರು ನಾಸ್ತಿಕತೆಗೆ ಓಟು ಹಾಕಲಿಲ್ಲ. ನಮ್ಮ ಕೆಲಸ ಮಾಡುವವನು ಯಾರು ಅಂತ ನಾವು ತೀರ್ಮಾನಿಸ್ತೀವಿ, ಅವನ ಆತ್ಮದ ಲೆಕ್ಕ ನೋಡೋಕೆ ನೀವ್ಯಾರು ಅಂತ ಲಂಡನ್ನಿಗೆ ಕೇಳಿದರು.

ವಿರೋಧ ಮಾಡಿದವರೆಲ್ಲ ಭಕ್ತಶಿರೋಮಣಿಗಳಾ? ಅಲ್ಲ. ಕೆಲವರಿಗೆ ನಿಜವಾದ ಧಾರ್ಮಿಕ ಆತಂಕವಿತ್ತು, ಅದನ್ನು ಹಗುರವಾಗಿ ನೋಡಬೇಕಿಲ್ಲ. ದೇವರ ಭಯವಿಲ್ಲದವನ ಮಾತಿಗೆ ಏನು ಬೆಲೆ ಅನ್ನೋದು ಆ ಕಾಲದ ಸಾಮಾನ್ಯ ಜನರ ಪ್ರಾಮಾಣಿಕ ಪ್ರಶ್ನೆ. ಆದರೆ ಮುಂದಾಳುಗಳ ಲೆಕ್ಕಾಚಾರ ಬೇರೆ. ರಾಂಡಾಲ್ಫ್ ಚರ್ಚಿಲ್ ಅಂತ ಒಬ್ಬ ಯುವ ಸಂಸದ, ಮುಂದೆ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್‌ನ ತಂದೆ. ಆತ ಬ್ರಾಡ್ಲಾ ರಾಜಮನೆತನದ ವಿರುದ್ಧ ಬರೆದಿದ್ದ ಕಿರುಹೊತ್ತಗೆಯನ್ನು ಸದನದಲ್ಲಿ ನೆಲಕ್ಕೆ ಬಿಸಾಕಿ ಕಾಲಿನಿಂದ ತುಳಿದ. ಇಂಥ ಗಲಾಟೆಯಿಂದಲೇ ಆತನ ಹೆಸರು ಮೇಲೆ ಬಂತು. ಗ್ಲ್ಯಾಡ್‌ಸ್ಟನ್ ಸರ್ಕಾರವನ್ನು ದೇವರ ವಿರೋಧಿಗಳ ಸರ್ಕಾರ ಅಂತ ತೋರಿಸೋಕೆ ಬ್ರಾಡ್ಲಾ ಒಳ್ಳೆ ಅಸ್ತ್ರವಾದ. ಒಬ್ಬ ವ್ಯಕ್ತಿಯ ನಂಬಿಕೆಯನ್ನು ಇಡೀ ಪಕ್ಷದ ಕೊರಳಿಗೆ ಕಟ್ಟುವ ಆಟ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ ಸ್ವಾಮಿ.

ಹಾಗಾದ್ರೆ ಗ್ಲ್ಯಾಡ್‌ಸ್ಟನ್? ಆ ಕಾಲದ ರಾಜಕಾರಣಿಗಳಲ್ಲಿ ಅವರಷ್ಟು ದೈವಭಕ್ತರು ಕಡಿಮೆ. ಬ್ರಾಡ್ಲಾನ ವಿಚಾರಗಳನ್ನು ಕಂಡರೆ ಅವರಿಗೆ ಆಗ್ತಿರಲಿಲ್ಲ. ಆದರೂ ಯಾರು ಬೇಕಾದರೂ ದೃಢವಚನ ಕೊಡಬಹುದು ಅನ್ನುವ ಮಸೂದೆಯ ಪರವಾಗಿ 1883ರ ಏಪ್ರಿಲ್ 26ರಂದು ಅವರೇ ಎದ್ದು ನಿಂತರು. ಅವತ್ತಿನ ಅವರ ವಾದದ ಸಾರ ಇಷ್ಟು. ನೀವು ಮೊದಲು ಕ್ಯಾಥೊಲಿಕರನ್ನು ಹೊರಗಿಟ್ಟಿರಿ, ಆಮೇಲೆ ಬಿಟ್ಟುಕೊಂಡಿರಿ. ಯಹೂದಿಗಳನ್ನು ಹೊರಗಿಟ್ಟಿರಿ, ಆಮೇಲೆ ಬಿಟ್ಟುಕೊಂಡಿರಿ. ಈಗ ಕ್ರಿಸ್ತನನ್ನು ಒಪ್ಪದವನೂ ಒಳಗೆ ಬರಬಹುದು. ಎಲ್ಲೋ ದೂರದಲ್ಲಿರುವ, ಮನುಷ್ಯರ ಗೊಡವೆಯೇ ಇಲ್ಲದ ಒಬ್ಬ ದೇವರು ಇದ್ದಾನೆ ಅಂದರೂ ಸಾಕು, ಆಣೆ ಮಾಡಬಹುದು. ಅಂಥ ದೇವರಿಂದ ನಮ್ಮ ಧರ್ಮಕ್ಕೇನು ಲಾಭ? ಅದನ್ನು ಹೇಳುವಾಗ ಅವರು ಪ್ರಾಚೀನ ರೋಮಿನ ಕವಿ ಲುಕ್ರೀಶಿಯಸ್‌ನ ಲ್ಯಾಟಿನ್ ಸಾಲುಗಳನ್ನು ಬಾಯಿಪಾಠ ಒಪ್ಪಿಸಿದರು. ಸದನ ಮೌನವಾಗಿ ಕೇಳಿತು. ಮಸೂದೆ ಮಾತ್ರ ಸೋತಿತು. 289ಕ್ಕೆ 292. ಮೂರೇ ಮೂರು ಮತ!

ಗ್ಲ್ಯಾಡ್‌ಸ್ಟನ್ ಹೇಳಿದ ಆ ಹಿಂದಿನ ಕಥೆಗಳನ್ನೂ ಸ್ವಲ್ಪ ನೋಡಿ. 1828ರಲ್ಲಿ ಐರ್ಲೆಂಡಿನ ಡೇನಿಯಲ್ ಓಕಾನೆಲ್ ಗೆದ್ದ, ಆದರೆ ಕ್ಯಾಥೊಲಿಕ್. ತನ್ನ ಧರ್ಮವನ್ನೇ ತೆಗಳುವ ಮಾತು ಪ್ರಮಾಣದಲ್ಲಿತ್ತು, ಹೇಳಲ್ಲ ಅಂದ. ಮರುವರ್ಷ ಕಾನೂನೇ ಬದಲಾಯಿತು. 1833ರಲ್ಲಿ ಕ್ವೇಕರ್ ಪಂಥದ ಜೋಸೆಫ್ ಪೀಸ್ ಬಂದ. ಆಣೆ ಇಡುವುದೇ ಪಾಪ ಅನ್ನೋದು ಅವರ ಧರ್ಮ. ಅವನಿಗೆ ದೃಢವಚನಕ್ಕೆ ಅವಕಾಶ ಕೊಟ್ಟರು. 1847ರಲ್ಲಿ ಲಂಡನ್ ನಗರದಿಂದ ಗೆದ್ದ ಲಯನೆಲ್ ರಾಥ್ಸ್‌ಚೈಲ್ಡ್ ಯಹೂದಿ. 'ಕ್ರೈಸ್ತನ ನಿಜ ನಂಬಿಕೆಯ ಮೇಲೆ' ಅನ್ನುವ ಮಾತು ಅವನ ಬಾಯಲ್ಲಿ ಹೇಗೆ ಬರಬೇಕು? 1858ರವರೆಗೆ, ಹನ್ನೊಂದು ವರ್ಷ ಕಾದ. ಅಂದ್ರೆ ಈ ಹೋರಾಟ ಮೊದಲು ಮಾಡಿದವರು ನಾಸ್ತಿಕರಲ್ಲ, ಆಸ್ತಿಕರು. ಬೇರೆ ಥರದ ಆಸ್ತಿಕರು. ಇವತ್ತು ನಿಮ್ಮ ದೇವರನ್ನು ಒಪ್ಪದವನನ್ನು ತಡೆಯುವ ಬಾಗಿಲು ನಾಳೆ ನಿಮ್ಮನ್ನೂ ತಡೆಯಬಲ್ಲದು.

1886ರ ಜನವರಿ 13. ಹೊಸ ಪಾರ್ಲಿಮೆಂಟು, ಮತ್ತೆ ಗೆದ್ದು ಬಂದ ಬ್ರಾಡ್ಲಾ. ಆಗಿನ ಸ್ಪೀಕರ್ ಆರ್ಥರ್ ಪೀಲ್. ಆಕ್ಷೇಪ ಎತ್ತಲು ಕಾದಿದ್ದವರನ್ನು ಅವರು ತಡೆದರು. ಆರಿಸಿ ಬಂದ ಸದಸ್ಯನಿಗೂ ಅವನ ಪ್ರಮಾಣವಚನಕ್ಕೂ ನಡುವೆ ಬರುವ ಅಧಿಕಾರ ನನಗೂ ಇಲ್ಲ, ಬೇರೆ ಯಾವ ಸದಸ್ಯನಿಗೂ ಇಲ್ಲ ಅನ್ನೋದು ಅವರ ನಿಲುವು. ಬ್ರಾಡ್ಲಾ ಆಣೆ ಮಾಡಿದ, ಸ್ಪೀಕರ್ ಕೈ ಕುಲುಕಿದ, ಹೋಗಿ ಕೂತ. ಕ್ಷಣಾರ್ಧದ ಕೆಲಸ. ಇದಕ್ಕೆ ಆರು ವರ್ಷ ಬೇಕಾಯಿತು.

ಎರಡೇ ವರ್ಷದಲ್ಲಿ ಅವನೇ ಮುಂದೆ ನಿಂತು ಒಂದು ಕಾನೂನು ಮಾಡಿಸಿದ. 1888ರ ಆ ಕಾಯ್ದೆಯ ಪ್ರಕಾರ ಧರ್ಮದಲ್ಲಿ ನಂಬಿಕೆಯಿಲ್ಲದವರು ದೃಢವಚನ ಕೊಡಬಹುದು. ಆಣೆ ಮಾಡುವುದು ತಮ್ಮ ಧರ್ಮಕ್ಕೆ ವಿರುದ್ಧ ಅನ್ನುವವರೂ ಕೊಡಬಹುದು. ನಾಸ್ತಿಕ ಮಾಡಿಸಿದ ಕಾನೂನಿನಿಂದ ಆಸ್ತಿಕರಿಗೂ ಉಪಕಾರವಾಯಿತು. ದೈವನಿಂದನೆಯ ಕಾನೂನನ್ನು ತೆಗೆದುಹಾಕಬೇಕು ಅಂತ 1889ರಲ್ಲಿ ಇನ್ನೊಂದು ಮಸೂದೆ ತಂದ. ಅದು ಬಿದ್ದುಹೋಯಿತು.

ಈಗ ಆಗಲೇ ಹೇಳ್ತೀನಿ ಅಂದಿದ್ದ ಮಾತು. ಭಾರತಕ್ಕೂ ಇವನಿಗೂ ಏನು ಸಂಬಂಧ? ಕಷ್ಟಪಟ್ಟು ಪಡೆದ ಆ ಸೀಟನ್ನು ಬ್ರಾಡ್ಲಾ ಬಳಸಿದ್ದು ಹೆಚ್ಚಾಗಿ ನಮ್ಮ ಸಲುವಾಗಿ. ಅಲ್ಲಿ ನಮಗೆ ಓಟಿಲ್ಲ, ನಮ್ಮ ಪ್ರತಿನಿಧಿ ಇಲ್ಲ. ಭಾರತದ ಪ್ರಶ್ನೆಗಳನ್ನು ಇವನು ಎತ್ತುತ್ತಿದ್ದ. 'ಭಾರತದ ಸದಸ್ಯ' ಅಂತಲೇ ಹೆಸರು ಬಿತ್ತು. 1889ರ ಕೊನೆಯಲ್ಲಿ, ದೊಡ್ಡ ಕಾಯಿಲೆಯಿಂದ ಎದ್ದು, ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೆ ಹಡಗು ಹತ್ತಿ ಬಂದ. ಇಸವಿ 1889, ಬಂದ ಪ್ರತಿನಿಧಿಗಳೂ 1889 ಮಂದಿ ಅನ್ನೋದು ಆ ಅಧಿವೇಶನದ ಬಗ್ಗೆ ಇವತ್ತಿಗೂ ಹೇಳುವ ಮಾತು. ವಾಪಸ್ ಹೋಗಿ ಭಾರತದ ಶಾಸನಸಭೆಗಳ ಸುಧಾರಣೆಗೆ ಮಸೂದೆ ಮಂಡಿಸಿದ. ಮುಂದೆ ಲಾಹೋರಿನಲ್ಲಿ ಕಟ್ಟಿದ ಸಭಾಭವನಕ್ಕೆ ಬ್ರಾಡ್ಲಾ ಹಾಲ್ ಅಂತ ಹೆಸರಿಟ್ಟರು. ಲಾಲಾ ಲಜಪತರಾಯರ ನ್ಯಾಷನಲ್ ಕಾಲೇಜು ಅಲ್ಲೇ ನಡೆಯಿತು. ಅಲ್ಲಿ ಓದಿದ ಹುಡುಗರಲ್ಲಿ ಒಬ್ಬ ಭಗತ್ ಸಿಂಗ್.

1891ರ ಜನವರಿಯಲ್ಲಿ ಬ್ರಾಡ್ಲಾ ಮೂತ್ರಪಿಂಡದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಜನವರಿ 27ರಂದು ಸದನ ಸೇರಿ, 1880ರಲ್ಲಿ ಅವನ ವಿರುದ್ಧ ಮಾಡಿದ್ದ ನಿರ್ಣಯವನ್ನು ಕಡತದಿಂದಲೇ ತೆಗೆದುಹಾಕಲು ಒಪ್ಪಿತು. ಅದನ್ನು ಕೇಳುವ ಪ್ರಜ್ಞೆ ಅವನಿಗಿರಲಿಲ್ಲ. ಜನವರಿ 30ರಂದು ತೀರಿಕೊಂಡ.

ಅವನ ಅಂತ್ಯಸಂಸ್ಕಾರಕ್ಕೆ ಲಂಡನ್ನಿನಲ್ಲಿದ್ದ ಭಾರತೀಯರು ಹೋದರು. ಅವರಲ್ಲಿ ಕಾನೂನು ಓದಲು ಬಂದಿದ್ದ ಒಬ್ಬ ಗುಜರಾತಿ ಹುಡುಗನೂ ಇದ್ದ. ಮೋಹನದಾಸ ಕರಮಚಂದ ಗಾಂಧಿ. ಗಾಂಧೀಜಿ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. ಅಲ್ಲಿಂದ ವಾಪಸ್ ಬರುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ಒಬ್ಬ ಪಾದ್ರಿಯನ್ನು ಕೆಣಕುತ್ತಿದ್ದನಂತೆ. ಅದನ್ನು ಕೇಳಿ ನಾಸ್ತಿಕತೆಯ ಬಗ್ಗೆ ತಮಗಿದ್ದ ಬೇಸರ ಇನ್ನೂ ಹೆಚ್ಚಾಯಿತು ಅಂತ ಬರೆದಿದ್ದಾರೆ. ನೋಡಿ, ವಿಚಾರ ಒಪ್ಪಲಿಲ್ಲ. ಆದರೆ ಆ ಮನುಷ್ಯನಿಗೆ ಸಲ್ಲಬೇಕಾದ ಗೌರವ ಸಲ್ಲಿಸಲು ಹೋದರು.

ಆ್ಯನಿ ಬೆಸೆಂಟ್ ಏನಾದರು? ಮಗಳನ್ನು ಕಳೆದುಕೊಳ್ಳುವಷ್ಟು ಗಟ್ಟಿಯಾಗಿ ಬ್ರಾಡ್ಲಾ ಜೊತೆ ನಿಂತಿದ್ದ ಆಕೆ 1889ರಲ್ಲಿ ಥಿಯಾಸಫಿಯ ಕಡೆ ತಿರುಗಿದರು. ಭಾರತಕ್ಕೆ ಬಂದರು, ಹಿಂದೂ ಗ್ರಂಥಗಳನ್ನು ಓದಿದರು, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದರು. ಮನುಷ್ಯನ ಮನಸ್ಸು ಬದಲಾಗುತ್ತೆ. ಇವತ್ತು ಇಲ್ಲ ಅಂದವರು ನಾಳೆ ಇದೆ ಅನ್ನಬಹುದು, ಇದೆ ಅಂದವರು ಇಲ್ಲ ಅನ್ನಬಹುದು. ಹಾಗೆ ಬದಲಾಗುವ ಒಂದು ಸಂಗತಿಯನ್ನು ಕುರ್ಚಿಗೆ ಅರ್ಹತೆ ಅಂತ ಇಟ್ಟರೆ ಯಾವ ವರ್ಷದ ಅಭಿಪ್ರಾಯವನ್ನು ಅಳೆಯೋದು?

ಇದೇ ಪ್ರಶ್ನೆ ನಮ್ಮ ಸಂವಿಧಾನ ಸಭೆಗೂ ಬಂತು. ಅದನ್ನು ಎತ್ತಿದವರಲ್ಲಿ ಮುಖ್ಯರು ಎಚ್.ವಿ. ಕಾಮತ್. ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, ಐಸಿಎಸ್ ನೌಕರಿ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಬಂದವರು, ಸಭೆಗೆ ಆರಿಸಿ ಬಂದದ್ದು ಮಧ್ಯಪ್ರಾಂತ್ಯದಿಂದ. 1948ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿಯ ಪ್ರಮಾಣವಚನದ ಚರ್ಚೆ ನಡೆದಾಗ ದೇವರ ಹೆಸರು ಸೇರಲಿ ಅಂತ ಅವರು ಒತ್ತಾಯಿಸಿದರು. ಸಭೆ ಒಪ್ಪಿತು. ದೇವರ ಹೆಸರೂ ಬಂತು, ದೃಢೀಕರಿಸುವ ದಾರಿಯೂ ಉಳಿಯಿತು. ಎಲ್ಲರೂ ಗೆದ್ದರು.

1949ರ ಅಕ್ಟೋಬರ್ 17ರಂದು ಕಾಮತರು ಇನ್ನೊಂದು ತಿದ್ದುಪಡಿ ತಂದರು. ಪ್ರಸ್ತಾವನೆಯೇ 'ದೇವರ ಹೆಸರಿನಲ್ಲಿ' ಅಂತ ಶುರುವಾಗಲಿ. ಇಲ್ಲಿ ಮಾತ್ರ ಎರಡು ದಾರಿ ಇಡೋಕಾಗಲ್ಲ. 'ಭಾರತದ ಜನತೆಯಾದ ನಾವು' ಅಂತ ಎಲ್ಲರ ಪರವಾಗಿ ಹೇಳುವ ಮಾತು ಅದು. ಅದಕ್ಕೆ ದೇವರನ್ನು ಸೇರಿಸಿದರೆ ನಂಬದವನ ಬಾಯಲ್ಲೂ ಆ ಮಾತು ಹಾಕಿದ ಹಾಗೆ. ಹೃದಯನಾಥ ಕುಂಜ್ರೂ ಎದ್ದರು. ನಮ್ಮ ಅಂತರಂಗದ, ಪವಿತ್ರವಾದ ಭಾವನೆಯನ್ನು ಹೀಗೆ ಚರ್ಚೆಗೆ ಎಳೆಯಬಾರದಿತ್ತು ಅನ್ನುವ ಅರ್ಥದಲ್ಲಿ ಮಾತಾಡಿದರು. ದೇವರನ್ನು ಮತಕ್ಕೆ ಹಾಕಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನು ಕೇಳಿಕೊಂಡರು. ದೇವರು ಅಂತ ಯಾಕೆ, ದೇವಿ ಅಂತ ಇರಲಿ ಅಂದವರೂ ಇದ್ದರು! ಕಾಮತರು ಬಿಡಲಿಲ್ಲ. ಮತಕ್ಕೆ ಹಾಕಿಸಿದರು. ಪರ 41, ವಿರುದ್ಧ 68. ತಿದ್ದುಪಡಿ ಬಿತ್ತು.

ವಿರುದ್ಧ ಕೈ ಎತ್ತಿದ ಆ 68 ಮಂದಿಯೂ ನಾಸ್ತಿಕರಾಗಿದ್ದರಾ? ಖಂಡಿತ ಅಲ್ಲ. ಬೆಳಗ್ಗೆ ಎದ್ದು ಪೂಜೆ, ನಮಾಜು, ಪ್ರಾರ್ಥನೆ ಮಾಡುವವರು ಅವರಲ್ಲೂ ಇದ್ದರು. ನನ್ನ ನಂಬಿಕೆ ನನ್ನದು, ಅದನ್ನು ಇನ್ನೊಬ್ಬನ ಬಾಯಿಂದ ಹೇಳಿಸಲ್ಲ ಅನ್ನೋದು ಅವರು ಎಳೆದ ಗೆರೆ. ಅದೇ ರೀತಿ ಕಾಮತರು ತಮ್ಮ ನಂಬಿಕೆಯನ್ನು ತುಂಬಿದ ಸಭೆಯಲ್ಲಿ ಎದೆ ತಟ್ಟಿ ಹೇಳಿದರು, ಸೋತರು, ಮತ್ತೆ ತಮ್ಮ ಜಾಗದಲ್ಲಿ ಬಂದು ಕೂತರು. ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ಬ್ರಾಡ್ಲಾಗೆ ಸಿಗದೇ ಇದ್ದದ್ದು ಇದು.

ಹಾಗಾದ್ರೆ ಅಧಿಕಾರದಲ್ಲಿ ಇರುವವರ ಧರ್ಮದ ಬಗ್ಗೆ ನಾವು ಏನನ್ನೂ ಕೇಳಬಾರದಾ? ಕೇಳಬೇಕು. ಆದರೆ ಸರಿಯಾದ ಪ್ರಶ್ನೆ ಕೇಳಬೇಕು. 1951ರ ಮೇ 11ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಸೋಮನಾಥ ದೇವಸ್ಥಾನದ ಸಮಾರಂಭಕ್ಕೆ ಹೋದರು. ಪ್ರಧಾನಿ ನೆಹರೂ ಅವರಿಗೆ ಅದು ಇಷ್ಟವಿರಲಿಲ್ಲ, ಹೋಗಬೇಡಿ ಅಂತ ಹೇಳಿದ್ದರು. ಪ್ರಸಾದರು ಹೋದರು. ಇಬ್ಬರ ನಡುವೆ ಇದ್ದದ್ದು ದೇವರಿದ್ದಾನಾ ಇಲ್ಲವಾ ಅನ್ನುವ ಜಗಳವಲ್ಲ. ರಾಜೇಂದ್ರ ಪ್ರಸಾದ್ ಅನ್ನುವ ಭಕ್ತ ಹೋದಾಗ ಅವರ ಜೊತೆ ರಾಷ್ಟ್ರಪತಿಯ ಪದವಿಯೂ ಹೋಗುತ್ತಾ ಅನ್ನೋದು. ಎರಡು ಕಡೆಗೂ ವಾದವಿದೆ, ಇವತ್ತಿಗೂ ಮುಗಿದಿಲ್ಲ. ಆದರೆ ಇದು ಕೇಳಬೇಕಾದ ಪ್ರಶ್ನೆ. ಯಾಕಂದ್ರೆ ಇದು ಪದವಿಯ ಬಗ್ಗೆ.

ನನ್ನ ಲೆಕ್ಕ ಸರಳ. ಒಬ್ಬ ಶಾಸಕ ದೇವರಿಲ್ಲ ಅಂದರೆ ಅದು ಅವನ ಮಾತು. ಒಬ್ಬ ಸಚಿವೆ ತಿಂಗಳಿಗೊಮ್ಮೆ ಮನೆದೇವರಿಗೆ ಹರಕೆ ಹೊತ್ತು ಹೋದರೆ ಅದು ಅವರ ಭಕ್ತಿ. ಒಪ್ಪದಿದ್ದವರು ಟೀಕೆ ಮಾಡಲಿ, ಅದೂ ವಾಕ್ ಸ್ವಾತಂತ್ರ್ಯವೇ. ಮುಂದಿನ ಚುನಾವಣೆಯಲ್ಲಿ ಓಟು ಹಾಕದೇ ಇರಲಿ, ಅದು ಮತದಾರರ ಹಕ್ಕು. ಆದರೆ ಆ ನಂಬಿಕೆಯೋ ಅಪನಂಬಿಕೆಯೋ ಸರ್ಕಾರಿ ಆದೇಶವಾಗಿ ಬಂದರೆ, ಒಬ್ಬನಿಗೆ ಮನೆ ಮಂಜೂರು ಮಾಡುವಾಗ, ಇನ್ನೊಬ್ಬನಿಗೆ ವರ್ಗಾವಣೆ ಮಾಡುವಾಗ, ಮತ್ತೊಬ್ಬನ ಅರ್ಜಿ ತಿರಸ್ಕರಿಸುವಾಗ ಕೆಲಸ ಮಾಡಿದರೆ, ಆಗ ಅದು ಖಾಸಗಿ ಅಲ್ಲ. ಆಗ ನಾವೂ ಕೇಳ್ತೀವಿ, ನೀವೂ ಕೇಳಬೇಕು.

ಇವತ್ತು ಸದನದ ಬಾಗಿಲಲ್ಲಿ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಆದರೆ ಪ್ರಶ್ನೆ ಸತ್ತಿಲ್ಲ, ಜಾಗ ಬದಲಿಸಿದೆ. ಕಾರಿನಿಂದ ಇಳಿಯುವ ಮುಖಂಡನ ಮುಂದೆ ಮೈಕ್ ಹಿಡಿದು, ನೀವು ದೇವರನ್ನು ನಂಬ್ತೀರಾ, ಯಾಕೆ ಕುಂಕುಮ ಇಟ್ಟಿಲ್ಲ, ಯಾಕೆ ದೇವಸ್ಥಾನದ ಒಳಗೆ ಹೋಗಲಿಲ್ಲ ಅಂತ ಕೇಳುವವರಿದ್ದಾರೆ. ಅದಕ್ಕೆ ಹೆದರಿ ನಂಬದವರು ನಂಬಿದ ಹಾಗೆ ನಟಿಸ್ತಾರೆ. ಇನ್ನೊಂದು ಕಡೆಯ ಟೀಕೆಗೆ ಹೆದರಿ ನಂಬುವವರು ತಮ್ಮ ಭಕ್ತಿಯನ್ನು ಮುಚ್ಚಿಡ್ತಾರೆ. ಎರಡೂ ಕಡೆ ಲಬೂಶೇರ್‌ಗಳು ಹೆಚ್ಚಾಗ್ತಾರೆ. ನಟಿಸೋದನ್ನು ಕಲಿತವನು ಅದನ್ನು ದೇವರ ವಿಷಯಕ್ಕೆ ಮಾತ್ರ ಇಟ್ಟುಕೊಳ್ತಾನೆ ಅಂತ ನಂಬೋಕೆ ನನಗಂತೂ ಆಗಲ್ಲ.

ಮುಂದಿನ ಸಲ ಪ್ರಮಾಣವಚನ ಸಮಾರಂಭ ಟಿವಿಯಲ್ಲಿ ನೋಡುವಾಗ ಒಂದು ಕೆಲಸ ಮಾಡಿ. ದೇವರ ಹೆಸರು ಹೇಳಿದರಾ, ಬಿಟ್ಟರಾ ಅಂತ ಕೇಳಿಸಿಕೊಂಡು ಅಲ್ಲಿಗೇ ನಿಲ್ಲಿಸಬೇಡಿ. ಮುಂದೆ ಕೇಳಿ. ಸಚಿವರ ಪ್ರಮಾಣದಲ್ಲಿ ಇನ್ನೊಂದು ಮಾತು ಬರುತ್ತೆ. ಭಯವಾಗಲಿ ಪಕ್ಷಪಾತವಾಗಲಿ, ರಾಗವಾಗಲಿ ದ್ವೇಷವಾಗಲಿ ಇಲ್ಲದೆ, ಎಲ್ಲ ಬಗೆಯ ಜನರಿಗೂ ಸಂವಿಧಾನ ಮತ್ತು ಕಾನೂನಿನಂತೆ ನ್ಯಾಯ ಮಾಡ್ತೀನಿ ಅನ್ನೋದು. ಅದಕ್ಕೆ ಎರಡು ದಾರಿ ಇಲ್ಲ. ಆಸ್ತಿಕನೂ ಅದನ್ನೇ ಓದಬೇಕು, ನಾಸ್ತಿಕನೂ ಅದನ್ನೇ ಓದಬೇಕು. ಐದು ವರ್ಷ ನಾವು ಲೆಕ್ಕ ಕೇಳಬೇಕಾದ್ದು ಆ ಮಾತಿಗೆ.